ಮ್ಯೂಟೆಕ್ಸಾ, ಅಟಾಮಿಕ್ಕಾ, ರಿಲ್ಯಾಕ್ಸ್ಡಾ? ಮುಂದಿನ ಹತ್ತು ವರ್ಷಕ್ಕ ಯಾವ ಮೆಮೊರಿ ಮಾಡೆಲ್ ನಂಬ್ಕೋಬೇಕು

ಥ್ರೆಡ್ (ಒಂದೇ ಪ್ರೋಗ್ರಾಮಿನಾಗ ಒಂದೇ ಹೊತ್ತಿಗಿ ನಡಿಯೋ ಕೆಲಸದ ಎಳಿ) ಹಾಕಿ ಪ್ರೋಗ್ರಾಮ್ ಬರೀಲಿಕ್ಕ ಶುರು ಮಾಡಿದವ್ರು ಎಲ್ಲಾರೂ ಒಂದಿನ ಇದೇ ಜಾಗಕ್ಕ ಬಂದು ನಿಲ್ತಾರ. ಮ್ಯೂಟೆಕ್ಸ್ (ಒಮ್ಮಿಗಿ ಒಂದೇ ಥ್ರೆಡ್ ಒಳಗ ಬಿಡೋ ಲಾಕ್) ಗೊತ್ತಾಗ್ಯದ, ಅಟಾಮಿಕ್ (ನಡುವ ತುಂಡಾಗದ ಓದು-ಬರಹ) ಅಂತ ಒಂದದ ಅಂತನೂ ಗೊತ್ತಾಗ್ಯದ, ಅದರಾಗ ಮತ್ತ ಸೀಕ್ವೆನ್ಷಿಯಲಿ ಕನ್ಸಿಸ್ಟೆಂಟ್, ಅಕ್ವೈರ್, ರಿಲೀಸ್, ರಿಲ್ಯಾಕ್ಸ್ಡ್ ಅಂತ ನಾಕೈದು ನಮೂನಿ ಅವ, ಈಗ ಯಾವ್ದು ಹಿಡೀಬೇಕ್ರಿ? ಕಲಬುರಗಿ ಕಾಲೇಜಿನ ಫೈನಲ್ ಇಯರ್ ಹುಡುಗ್ರು ಇದ್ನ ಕೇಳ್ತಾರ, ಬೀದರ್‌ನ್ಯಾಗ ರಾಸ್ಪ್‌ಬೆರಿ ಪೈ ಹಿಡ್ಕೊಂಡು ಕುಂತವ್ರು ಕೇಳ್ತಾರ, ಯಾದಗಿರಿಯಾಗ ಮನ್ಯಾಗೇ ಕುಂತು ಬೆಂಗಳೂರಿನ ಕಂಪನಿಗಿ ಕೆಲಸ ಮಾಡೋರಂತೂ ಇನ್ನೊಂದ್ ಮಾತು ಸೇರಿಸಿ ಕೇಳ್ತಾರ, "ನಮ್ ಸರ್ವರ್ ಎಲ್ಲಾ ಇಂಟೆಲ್‌ಲಿಂದ ಆರ್ಮ್‌ಗಿ ಹೋಗ್ಲತ್ತಾವ, ಹಳೇ ಕೋಡ್ ಹಂಗೇ ನಡೀತದೇನ್ರಿ" ಅಂತ. ಯಾವ ಭಾಷೆ ಕಲೀಬೇಕು ಅನ್ನೋ ಪ್ರಶ್ನಿನೂ ಇದರ ಜೋಡಿನೇ ಬರ್ತದ, ಯಾಕಂದ್ರ ಸಿ++, ರಸ್ಟ್, ಜಾವಾ, ಗೋ ಒಂದೊಂದೂ ಬೇರೆ ಬೇರೆ ಮಾತು ಕೊಡ್ತಾವ. ಒಂದು ಥ್ರೆಡ್ ಬರ್ದದ್ದು ಇನ್ನೊಂದಕ್ಕ ಯಾವಾಗ, ಯಾವ ಕ್ರಮದಾಗ ಕಾಣ್ತದ ಅನ್ನೋ ಈ ಮಾತಿಗೇ ಮೆಮೊರಿ ಮಾಡೆಲ್ ಅಂತಾರ. ಅದಕ್ಕ ಎಲ್ಲಾ ಒಂದೇ ಕಡಿ ಇಟ್ಟು ತೂಗಿ ನೋಡೋಣ.

ನನ್ನ ಅಭಿಪ್ರಾಯ ಮೊದ್ಲೇ ಹೇಳಿಬಿಡ್ತೀನಿ, ಆಮ್ಯಾಲ ಓದುವಾಗ ನೀವು ಅದ್ನ ಒರಿಗಿ ಹಚ್ಚಿ ನೋಡ್ಬಹುದು. ಹಾರ್ಡ್‌ವೇರ್ ಇನ್ನ ಮುಂದೂ ವೀಕ್ (ಅಂದ್ರ ಓದು-ಬರಹದ ಕ್ರಮ ಸಡಿಲ) ಆಗೇ ಇರ್ತದ, ಆದ್ರ ಆ ವೀಕ್‌ನೆಸ್ ನಮ್ ಕಣ್ಣಿಗಿ ಬೀಳದಂಗ ಮಾಡೋ ಕಡಿನೇ ಭಾಷೆಗಳು ಹೊಂಟಾವ. ಹಂಗಾಗಿ ಮಾಡೆಲ್ ಆರಿಸುವಾಗ "ಎಷ್ಟು ಸ್ಪೀಡ್ ಸಿಗ್ತದ" ಅಂತ ಮೊದ್ಲು ಕೇಳಬ್ಯಾಡ್ರಿ, "ನನ್ ಕೈಯಾಗ ತಪ್ಪಾದ್ರ ಇದು ಎಷ್ಟು ದೂರ ಹಾಳ ಮಾಡ್ತದ" ಅಂತ ಕೇಳ್ರಿ.

ತಕರಾರು ಎಲ್ಲಿಂದ ಬರ್ತದ

ನಮ್ ಗಂಜ್‌ನ್ಯಾಗಿನ ಅಡತ್ ಅಂಗಡಿ ನೆನಸ್ಕೋರಿ. ಇಬ್ಬರು ಮುನೀಮರು, ಇಬ್ಬರ ಕೈಯಾಗೂ ಒಂದೊಂದು ಚೀಟಿ ಪುಸ್ತಕ, ನಡುವ ಒಂದ್ ದೊಡ್ಡ ವಹಿ. ತೊಗರಿ ಚೀಲ ಬಂದಂಗ ತಮ್ ತಮ್ ಚೀಟಿಯಾಗ ಬರ್ಕೋತಾರ, ಪುರಸೊತ್ತಾದಾಗ ವಹಿಗಿ ಏರಿಸ್ತಾರ. ಒಬ್ಬಾವ ತನ್ ಚೀಟಿಯಾಗ "ನಂದು ಬಂತು" ಅಂತ ಬರ್ದು ವಹಿಯಾಗ ಇನ್ನೊಬ್ಬಂದು ಬಂದದೇನು ಅಂತ ನೋಡ್ತಾನ, ಇಲ್ಲ. ಅದೇ ಹೊತ್ತಿಗಿ ಇನ್ನೊಬ್ಬಾವನೂ ಹಂಗೇ ಮಾಡ್ತಾನ, ಅವಂಗೂ ಇಲ್ಲ. ಇಬ್ಬರೂ ಬರ್ದಾರ, ಇಬ್ಬರಿಗೂ ಇನ್ನೊಬ್ಬಂದು ಕಾಣಲಿಲ್ಲ. ಪ್ರೊಸೆಸರ್ ಕೋರ್ ಒಳಗ ಸ್ಟೋರ್ ಬಫರ್ ಅಂತ ಇರೋದು ಈ ಚೀಟಿ ಪುಸ್ತಕನೇ.

ಎರಡು ಥ್ರೆಡ್ ಒಂದೊಂದು ವೇರಿಯೇಬಲ್‌ಗಿ 1 ಬರ್ದು ಇನ್ನೊಂದ್ರದ್ದು ಓದಿದ್ರ ಎರಡಕ್ಕೂ 0 ಸಿಗೋದು ಸಾಧ್ಯ ಅದ, ಮನ್ಯಾಗಿರೋ ಇಂಟೆಲ್ ಲ್ಯಾಪ್‌ಟಾಪ್‌ನ್ಯಾಗೂ. 1979ರಾಗ ಲೆಸ್ಲಿ ಲ್ಯಾಂಪೋರ್ಟ್ ಸೀಕ್ವೆನ್ಷಿಯಲ್ ಕನ್ಸಿಸ್ಟೆನ್ಸಿ ಅಂದ್ರ ಏನಂತ ಬರ್ದಿಟ್ರು: ಎಲ್ಲಾ ಥ್ರೆಡ್‌ನ ಕೆಲಸ ಒಂದೇ ಸಾಲಿನಾಗ ಒಂದಾದ ಮ್ಯಾಲ ಒಂದು ನಡದಂಗ ಕಾಣ್ಬೇಕು, ಒಂದೊಂದು ಥ್ರೆಡ್‌ನ ಒಳಗಿನ ಕ್ರಮನೂ ಕೆಡಬಾರ್ದು. ನಾವೆಲ್ಲಾ ತಲ್ಯಾಗ ಇಟ್ಕೊಂಡು ಕೋಡ್ ಬರಿಯೋದು ಈ ಚಿತ್ರನೇ, ಆದ್ರ ಪ್ಲೇನ್ ಲೋಡು (ಮೆಮೊರಿಲಿಂದ ಓದೋದು) ಸ್ಟೋರಿಗಿ (ಬರಿಯೋದಕ್ಕ) ಇವತ್ತಿನ ಯಾವ ಮುಖ್ಯ ಪ್ರೊಸೆಸರೂ ಅದ್ನ ಕೊಡಂಗಿಲ್ಲ.

ಇಂಟೆಲ್, ಎಎಂಡಿ ಪ್ರೊಸೆಸರ್ ಕೊಡೋ ಟೋಟಲ್ ಸ್ಟೋರ್ ಆರ್ಡರ್ ಅನ್ನೋ ಕ್ರಮಕ್ಕ ಟಿಎಸ್‌ಓ ಅಂತಾರ. ಅದರಾಗ ಮ್ಯಾಲ ಹೇಳಿದ ಚೀಟಿ ತಕರಾರು ಒಂದೇ ಮುಖ್ಯ, ಬಾಕಿ ಕ್ರಮ ಬಹುತೇಕ ಸರೀನೇ ಇರ್ತದ. ಆರ್ಮ್, ಪವರ್, ರಿಸ್ಕ್-ಫೈವ್ ಅನ್ನೋ ಬೇರೆ ಪ್ರೊಸೆಸರ್ ಜಾತಿಗಳು ಇನ್ನೂ ಸಡಿಲ. ಒಂದು ಥ್ರೆಡ್ ಮೊದ್ಲು ಡೇಟಾ ಬರ್ದು ಆಮ್ಯಾಲ ರೆಡಿ ಅಂತ ಫ್ಲ್ಯಾಗ್ ಎತ್ತಿದ್ರ, ಇನ್ನೊಂದು ಥ್ರೆಡ್‌ಗಿ ಫ್ಲ್ಯಾಗ್ ಎದ್ದದ್ದು ಕಾಣ್ತದ, ಡೇಟಾ ಮಾತ್ರ ಹಳೇದೇ ಕಾಣಬಹುದು. ಇದರ ಮ್ಯಾಲ ಕಂಪೈಲರ್ ಬೇರೆ. ಪ್ರೊಸೆಸರ್ ಸುಮ್ಮ ಇದ್ರೂ ಕಂಪೈಲರ್ ಲೈನ್ ಹಿಂದ ಮುಂದ ಮಾಡ್ತದ, ಲೂಪ್ ಒಳಗಿನ ಲೋಡ್ ತಗದು ಹೊರಗ ಹಾಕ್ತದ. "ನನ್ ಮಷೀನ್ ಇಂಟೆಲ್ ಅದ, ನಂಗೇನೂ ಆಗಂಗಿಲ್ಲ" ಅನ್ನೋ ಮಾತು ಅಲ್ಲಿಗೇ ಬಿದ್ದುಹೋಗ್ತದ.

ಯಾವ ಅಳತಿ ಹಿಡಿದು ನೋಡ್ಬೇಕು

ಮೊದಲನೇದು ತಪ್ಪಾದಾಗ ಏನಾಗ್ತದ ಅನ್ನೋದು. ಎರಡು ಥ್ರೆಡ್ ಒಂದೇ ಜಾಗ ಏಕಕಾಲಕ್ಕ ಮುಟ್ಟಿದವು, ಅದರಾಗ ಒಂದಾದ್ರೂ ಬರೀಲತ್ತಿತ್ತು, ನಡುವ ಯಾವ ಸಿಂಕ್ರೊನೈಸೇಶನ್ನೂ ಇರ್ಲಿಲ್ಲ, ಅಂದ್ರ ಅದು ಡೇಟಾ ರೇಸ್. ಆಗ ಭಾಷೆ ಏನ್ ಗ್ಯಾರಂಟಿ ಕೊಡ್ತದ? ಏನೂ ಇಲ್ಲಾ, ಅಥವಾ ಹಳೇ ವ್ಯಾಲ್ಯೂ ಸಿಗಬಹುದು ಅಷ್ಟೇ, ಅಥವಾ ಅಂಥ ಕೋಡ್ ಕಂಪೈಲೇ ಆಗಂಗಿಲ್ಲ, ಈ ಮೂರರಾಗ ಯಾವ್ದು ಅಂತ ನೋಡ್ರಿ. ನನ್ನ ಕಣ್ಣಿಗಿ ಅರ್ಧ ತೂಕ ಇದಕ್ಕೇ.

ಎರಡನೇದು, ಇನ್ನೊಬ್ಬರು ಆ ಕೋಡ್ ಓದಿ ಸರಿ ಅದ ಅಂತ ಹೇಳ್ಬಹುದಾ. ಬರ್ದವ್ರು ಕಂಪನಿ ಬಿಟ್ ಹೋಗ್ತಾರ, ಕೋಡ್ ಉಳೀತದ. ಮೂರನೇದು ಟೂಲ್: ತಪ್ಪು ಹಿಡಿಯೋ ಸಾಧನ ಅದರಾಗ ಏನವ, ಅವು ನಿಮ್ ಲ್ಯಾಪ್‌ಟಾಪ್‌ನ ರ‍್ಯಾಮ್‌ನ್ಯಾಗ ಹಿಡೀತಾವಾ. ನಾಕನೇದು ಯಾವ ಹಾರ್ಡ್‌ವೇರ್ ಮ್ಯಾಲ ಓಡ್ತದ, ನಾಳಿ ಯಾವುದ್ರ ಮ್ಯಾಲ ಓಡಬೇಕಾಗ್ತದ. ಸ್ಪೀಡ್ ಕಡೀಕ್ ಇಟ್ಟೀನಿ. ಅದ್ಯಾಕಂತ ಕೆಳಗ ಬರ್ತದ.

ಲಾಕ್ ಮತ್ತ ಚಾನೆಲ್

ಇದಕ್ಕ ಜಾಸ್ತಿ ಹೇಳೋದಿಲ್ಲ. ಮ್ಯೂಟೆಕ್ಸ್ ಹಾಕಿ ಶೇರ್ಡ್ ಡೇಟಾ ಎಲ್ಲಾ ಅದರೊಳಗೇ ಮುಟ್ಟಿದ್ರ ನಿಮಗ ಮೆಮೊರಿ ಮಾಡೆಲ್ ಗೊತ್ತಿರಬೇಕಾಗೇ ಇಲ್ಲ. ಸಿ++, ಜಾವಾ, ಗೋ ಮೂರೂ ಒಂದೇ ವಾಗ್ದಾನ ಕೊಡ್ತಾವ, ಡೇಟಾ ರೇಸ್ ಇಲ್ದಂಗ ನೋಡ್ಕೋರಿ, ನಿಮ್ ಪ್ರೋಗ್ರಾಮ್ ಸೀಕ್ವೆನ್ಷಿಯಲಿ ಕನ್ಸಿಸ್ಟೆಂಟ್ ಆಗಿ ನಡ್ಯಂಗ ನಾವ್ ನೋಡ್ಕೋತೀವಿ ಅಂತ. ಸಿ++‌ನ್ಯಾಗ ಕೈಯಾರೆ ವೀಕ್ ಅಟಾಮಿಕ್ ಹಾಕಿದ್ರ ಮಾತ್ರ ಆ ಮಾತು ಮುಗೀತು. ಗೋ ಚಾನೆಲ್ (ಥ್ರೆಡ್ ನಡುವ ಡೇಟಾ ಸಾಗಿಸೋ ಕೊಳವಿ) ಬಳಸಿದ್ರೂ ಇದೇ ಫಾಯ್ದಾ. ಡೆಡ್‌ಲಾಕ್ (ಥ್ರೆಡ್‌ಗಳು ಒಂದಕ್ಕೊಂದು ಕಾಯ್ತಾ ಕೂಡೋದು) ಆಗ್ತದ, ಅದು ಬೇರೆ ಸಂಕಟ, ಆದ್ರ ಡೆಡ್‌ಲಾಕ್ ಆದ್ರ ಪ್ರೋಗ್ರಾಮ್ ನಿಂತಲ್ಲೇ ನಿಲ್ತದ, ಕಣ್ಣಿಗಿ ಕಾಣ್ತದ, ಸ್ಟಾಕ್ ತಗದು ನೋಡ್ಬಹುದು. ವೀಕ್ ಆರ್ಡರಿಂಗ್ ಬಗ್ ಹಂಗಲ್ಲ, ಎಂದೋ ಒಮ್ಮಿ ಒಂದ್ ಲೆಕ್ಕ ತಪ್ಪಿಸಿ ಹೋಗ್ತದ, ಮತ್ತ ಹಿಡೀಬೇಕಂದ್ರ ಸಿಗಂಗಿಲ್ಲ.

ಮಂಡಿ ಬಿಲ್ಲಿಂಗ್, ಆಸ್ಪತ್ರೆ ಅಪಾಯಿಂಟ್‌ಮೆಂಟ್, ಟಿಕೆಟ್ ಬುಕಿಂಗ್, ಇಂಥಾವಕ್ಕ ಲಾಕ್ ಸಾಕು, ಪೂರಾ ಸಾಕು.

ಸೀಕ್ವೆನ್ಷಿಯಲಿ ಕನ್ಸಿಸ್ಟೆಂಟ್ ಅಟಾಮಿಕ್

ಲಾಕ್ ಬ್ಯಾಡ, ಒಂದು ಫ್ಲ್ಯಾಗ್ ಅಥವಾ ಒಂದು ಪಾಯಿಂಟರ್ ಅಷ್ಟೇ ಶೇರ್ ಮಾಡ್ಬೇಕು ಅಂದ್ರ ಇದು. ಸಿ++‌ನ್ಯಾಗ ಏನೂ ಹೇಳ್ದೇ ಅಟಾಮಿಕ್ ಬಳಸಿದ್ರ ಇದೇ ಸಿಗ್ತದ. ಜಾವಾದ ವೋಲಟೈಲ್ ಇದೇ. ಗೋದಾಗ ಅಟಾಮಿಕ್ ಪ್ಯಾಕೇಜಿನಾಗ ಇರೋದು ಇದೊಂದೇ, ಬೇರೆ ಆಯ್ಕೆನೇ ಇಟ್ಟಿಲ್ಲ. ಇಲ್ಲಿ ಒಂದ್ ಎಚ್ಚರಿಕಿ, ಸಿ, ಸಿ++‌ನ ವೋಲಟೈಲ್‌ಗೂ ಜಾವಾದ ವೋಲಟೈಲ್‌ಗೂ ಸಂಬಂಧ ಇಲ್ಲ. ಸಿ++ ವೋಲಟೈಲ್ ಡಿವೈಸ್ ರಿಜಿಸ್ಟರ್ ಓದ್ಲಿಕ್ಕ ಇರೋದು, ಥ್ರೆಡ್‌ಗಳ ನಡುವಿನ ಮಾತುಕತಿಗಲ್ಲ. ಇದ್ನ ಅದಲು ಬದಲು ಮಾಡಿದ ಕೋಡ್ ಇನ್ನೂ ಭಾಳ ಕಡಿ ಸಿಗ್ತದ.

"ಅದು ಸ್ಲೋ" ಅಂತಾರ. ಎಷ್ಟು ಸ್ಲೋ ಅಂತ ಒಂದೊಂದು ಹಾರ್ಡ್‌ವೇರ್ ಹಿಡಿದು ನೋಡೋಣ, ಯಾಕಂದ್ರ ಎಲ್ಲಾ ವಾದ ನಿಂತಿರೋದು ಇದರ ಮ್ಯಾಲೇ. ಇಂಟೆಲ್‌ನ್ಯಾಗ ಸೀಕ್ವೆನ್ಷಿಯಲ್ ಲೋಡ್ ಅಂದ್ರ ಸಾದಾ ಮೂವ್ ಇನ್‌ಸ್ಟ್ರಕ್ಷನ್ನು, ಒಂದ್ ಪೈಸಾನೂ ಜಾಸ್ತಿ ಇಲ್ಲ. ಸ್ಟೋರ್ ಮಾತ್ರ ತುಟ್ಟಿ, ಎಕ್ಸ್‌ಚೇಂಜ್ ಅಥವಾ ಫೆನ್ಸ್ (ಕ್ರಮ ಕೆಡದಂಗ ತಡಿಯೋ ಇನ್‌ಸ್ಟ್ರಕ್ಷನ್ನು, ಬ್ಯಾರಿಯರ್ ಅಂದ್ರೂ ಅದೇ) ಹಾಕ್ಬೇಕಾಗ್ತದ. ಹಳೇ 32 ಬಿಟ್ ಆರ್ಮ್‌ನ್ಯಾಗ ಎರಡೂ ಕಡಿ ಡಿಎಂಬಿ ಅನ್ನೋ ಬ್ಯಾರಿಯರ್ ಹಾಕ್ತಿದ್ರು, ಅಲ್ಲಿ ಖರೇನೇ ಖರ್ಚು ಭಾಳ ಇತ್ತು. 64 ಬಿಟ್ ಆರ್ಮ್ ಬಂದಾಗ ಚಿತ್ರ ಬದಲಾಯ್ತು, ಲೋಡ್-ಅಕ್ವೈರ್ ಮತ್ತ ಸ್ಟೋರ್-ರಿಲೀಸ್ ಅಂತ ಬೇರೇನೇ ಇನ್‌ಸ್ಟ್ರಕ್ಷನ್ ಕೊಟ್ರು, ಸೀಕ್ವೆನ್ಷಿಯಲ್ ಅಟಾಮಿಕ್ ಲೋಡೂ ಸ್ಟೋರೂ ಅವೇ ಎರಡರಾಗ ಮುಗೀತಾವ. ಅಂದ್ರ ಹೊಸ ಆರ್ಮ್ ಮ್ಯಾಲ ಸೀಕ್ವೆನ್ಷಿಯಲ್‌ಗೂ ಅಕ್ವೈರ್-ರಿಲೀಸ್‌ಗೂ ಇರೋ ಅಂತರ ಭಾಳ ಸಣ್ಣದಾಗ್ಯದ. ಹತ್ತು ಹದಿನೈದು ವರ್ಷದ ಹಿಂದ ಬರ್ದ ಸಲಹೆ ಹಿಡ್ಕೊಂಡು ಇವತ್ತು ಕೋಡ್‌ನ ವೀಕ್ ಮಾಡ್ಲಿಕ್ಕ ಹೋಗಬ್ಯಾಡ್ರಿ ಅಂತ ನಾನು ಒತ್ತಿ ಹೇಳೋದು ಇದೇ ಕಾರಣಕ್ಕ.

ಅಕ್ವೈರ್-ರಿಲೀಸ್

ಡೇಟಾ ತಯಾರು ಮಾಡಿ "ತಗೋ" ಅಂತ ಕೊಡೋ ಥ್ರೆಡ್ ಒಂದು, ತಗೊಳ್ಳೋ ಥ್ರೆಡ್ ಒಂದು. ಈ ಆಕಾರದ ಕೆಲಸಕ್ಕ ಇದು ಹೇಳಿ ಮಾಡಿಸಿದಂಗ ಅದ. ರಿಲೀಸ್ ಸ್ಟೋರ್‌ಗಿಂತ ಮೊದ್ಲು ಬರ್ದಿದ್ದೆಲ್ಲಾ, ಆ ವ್ಯಾಲ್ಯೂ ಅಕ್ವೈರ್ ಲೋಡ್‌ಲಿಂದ ಓದಿದ ಥ್ರೆಡ್‌ಗಿ ಕಂಡೇ ಕಾಣ್ತದ. ಒಬ್ಬ ಬರಿಯಾವ ಒಬ್ಬ ಓದಾವ ಇರೋ ರಿಂಗ್ ಬಫರ್, ಒಮ್ಮಿ ತಯಾರಾಗಿ ಆಮ್ಯಾಲ ಬದಲಾಗದ ಕಾನ್ಫಿಗ್, ಸ್ವಂತ ಬರ್ದ ಸ್ಪಿನ್‌ಲಾಕ್, ಇವಕ್ಕ ಸರಿ. ಇಂಟೆಲ್ ಮ್ಯಾಲ ಇದು ಪೂರಾ ಫುಕಟ್, ಸಾದಾ ಮೂವ್ ಎರಡೂ ಕಡಿ. ಫೆನ್ಸ್ ಇರೋ ಸ್ಟೋರ್ ತಪ್ಪತದ, ಅಲ್ಲಿ ಉಳಿತಾಯ ಅದ.

ಏನು ಕಳ್ಕೋತೀರಿ ಅಂದ್ರ, ಎಲ್ಲಾರಿಗೂ ಒಂದೇ ಅನ್ನೋ ಕ್ರಮ. ಮ್ಯಾಲ ಹೇಳಿದ ಇಬ್ಬರು ಮುನೀಮರ ಕಥಿ ಅಕ್ವೈರ್-ರಿಲೀಸ್ ಹಾಕಿದ್ರೂ ನಿಲ್ಲಂಗಿಲ್ಲ. ಎರಡು ಫ್ಲ್ಯಾಗ್ ಇಟ್ಟು "ನಾ ಒಳಗ ಬರ್ಲತ್ತೀನಿ, ನೀ ಇದ್ದೀ ಏನು" ಅಂತ ಪರಸ್ಪರ ನೋಡೋ ಅಲ್ಗಾರಿದಮ್ ಯಾವ್ದೇ ಇರ್ಲಿ, ಪೀಟರ್ಸನ್ ಅಲ್ಗಾರಿದಮ್ ಕಾಲೇಜಿನಾಗ ಎಲ್ಲಾರೂ ಓದ್ತೀರಲ್ಲ ಅದೂ ಸೇರಿ, ಅಲ್ಲಿ ಸೀಕ್ವೆನ್ಷಿಯಲೇ ಬೇಕು. ಅಕ್ವೈರ್-ರಿಲೀಸ್ ಹಾಕ್ಲಿಕ್ಕ ನಾ ಒಂದ್ ಶರತ್ತು ಇಡ್ತೀನಿ: ಯಾವ ರಿಲೀಸ್ ಯಾವ ಅಕ್ವೈರ್ ಜೋಡಿ ಕೂಡ್ತದ ಅಂತ ಆ ಲೈನಿನ ಮ್ಯಾಲೇ ಕಾಮೆಂಟ್ ಬರೀಲಿಕ್ಕ ಬರ್ಬೇಕು. ಬರೀಲಿಕ್ಕ ಬರ್ಲಿಲ್ಲಾ ಅಂದ್ರ ಸೀಕ್ವೆನ್ಷಿಯಲ್‌ಗಿ ವಾಪಸ್ ಹೋಗ್ರಿ.

ರಿಲ್ಯಾಕ್ಸ್ಡ್, ಮತ್ತ ಮುಗಿದುಹೋದ ಕನ್ಸ್ಯೂಮ್

ರಿಲ್ಯಾಕ್ಸ್ಡ್ ಕೊಡೋದು ಒಂದೇ ಜಾಗದ ಮಟ್ಟಿಗಿ ಕ್ರಮ, ಬೇರೆ ಜಾಗದ್ ಬಗ್ಗಿ ಮಾತೇ ಇಲ್ಲ. ಹಿಟ್ ಕೌಂಟರ್, ಸ್ಟ್ಯಾಟ್ಸ್, ಪ್ರೋಗ್ರೆಸ್ ತೋರ್ಸೋ ನಂಬರ್, ಇಷ್ಟಕ್ಕ ಬಳಸ್ರಿ. ಕೌಂಟರ್ ಓದಿ ಅದರ ಮ್ಯಾಲ ಇನ್ನೊಂದು ನಿರ್ಧಾರ ತಗೋತೀನಿ ಅಂದ್ರ ಅಲ್ಲಿಗಿ ಅದು ಸಾಲಂಗಿಲ್ಲ. ರೆಫರೆನ್ಸ್ ಕೌಂಟ್ (ಒಂದು ಆಬ್ಜೆಕ್ಟ್ ಎಷ್ಟು ಕಡಿ ಬಳಕಿಯಾಗ ಅದ ಅನ್ನೋ ಎಣಿಕಿ) ಒಳ್ಳೇ ಉದಾಹರಣಿ: ಏರಿಸುವಾಗ ರಿಲ್ಯಾಕ್ಸ್ಡ್ ನಡೀತದ, ಇಳಿಸುವಾಗ ರಿಲೀಸ್ ಬೇಕು, ಸೊನ್ನಿಗಿ ಬಂದಮ್ಯಾಲ ಆಬ್ಜೆಕ್ಟ್ ಕೆಡವೋಕಿಂತ ಮೊದ್ಲು ಅಕ್ವೈರ್ ಬೇಕು.

ಸ್ಪೀಡ್ ಸಲುವಾಗಿ ಇದಕ್ಕ ಬರೋರಿಗಿ ಒಂದ್ ಮಾತು. ಇಂಟೆಲ್ ಮ್ಯಾಲ ಅಟಾಮಿಕ್ ಆಡ್ ಮಾಡಿದ್ರ ರಿಲ್ಯಾಕ್ಸ್ಡ್ ಅಂತ ಬರೀರಿ, ಸೀಕ್ವೆನ್ಷಿಯಲ್ ಅಂತ ಬರೀರಿ, ಬರೋದು ಅದೇ ಲಾಕ್ ಪ್ರಿಫಿಕ್ಸ್ ಇರೋ ಇನ್‌ಸ್ಟ್ರಕ್ಷನ್ನು. ಕೌಂಟರ್ ಸ್ಲೋ ಆಗೋ ಅಸಲಿ ಕಾರಣ ಬಹುತೇಕ ಬೇರೆ ಇರ್ತದ, ಒಂದೇ ಕ್ಯಾಶ್ ಲೈನ್ (ಕೋರ್ ಒಮ್ಮಿಗಿ ಎಳ್ಕೊಳ್ಳೋ ಮೆಮೊರಿಯ ಸಣ್ಣ ತುಂಡು) ಎಲ್ಲಾ ಕೋರ್ ನಡುವ ಎಳದಾಡ್ತಿರ್ತದ. ಇಂಟೆಲ್‌ನ್ಯಾಗ ಆ ಲೈನ್ 64 ಬೈಟ್. ಥ್ರೆಡ್‌ಗಿ ಒಂದೊಂದು ಕೌಂಟರ್ ಕೊಟ್ಟು, ಅವನ್ನ ಬೇರೆ ಬೇರೆ ಕ್ಯಾಶ್ ಲೈನ್‌ನ್ಯಾಗ ಇಟ್ಟು, ಓದುವಾಗ ಕೂಡಿಸ್ಕೊಂಡ್ರ ಸಿಗೋ ಲಾಭದ ಮುಂದ ಆರ್ಡರಿಂಗ್ ಬದಲು ಮಾಡಿ ಸಿಗೋದು ಏನೇನೂ ಅಲ್ಲ, ಮೆಮೊರಿ ಮಾಡೆಲ್ ಮುಟ್ಟದೇನೇ ಕೆಲಸ ಆಗ್ತದ.

ರಿಲ್ಯಾಕ್ಸ್ಡ್‌ಗಿ ಇನ್ನೊಂದ್ ದೊಡ್ಡ ತಕರಾರು ಅದ, ಭವಿಷ್ಯದ ಪ್ರಶ್ನೆ ಬರೋದೂ ಇಲ್ಲೇ. ಅದರ ಅರ್ಥನೇ ಇನ್ನೂ ಪೂರಾ ಬರ್ದಿಟ್ಟಿಲ್ಲ. ಎಲ್ಲೂ ಯಾರೂ ಬರೀದ ವ್ಯಾಲ್ಯೂ, 42 ಅಂತ ಇಟ್ಕೋರಿ, ಒಂದು ಥ್ರೆಡ್ ಇನ್ನೊಂದ್ರ ಮ್ಯಾಲ ಇನ್ನೊಂದು ಇದರ ಮ್ಯಾಲ ಆಧಾರ ಇಟ್ಟು ಗಾಳಿಯಾಗ ಹುಟ್ಟಿಬರೋದನ್ನ 2011ರ ಸಿ++ ನಿಯಮಗಳು ಪೂರಾ ತಡೀಲಿಲ್ಲ. ಯಾವ ಹಾರ್ಡ್‌ವೇರೂ ಹಂಗ ಮಾಡಂಗಿಲ್ಲ. ಆದ್ರ ಅದ್ನ ನಿಷೇಧಿಸೋ ನಿಯಮ ಗಣಿತದಾಗ ಬರೀಲಿಕ್ಕ ಹೋದ್ರ ಕಂಪೈಲರ್‌ನ ಒಳ್ಳೇ ಆಪ್ಟಿಮೈಸೇಶನ್ನೂ ಜೋಡಿ ನಿಷೇಧ ಆಗಿಬಿಡ್ತಾವ. ಹಂಗಾಗಿ ಸ್ಟ್ಯಾಂಡರ್ಡ್ ಈಗ "ಹಂಗ ಆಗಬಾರ್ದು" ಅಂತ ಮಾತಿನಾಗ ಹೇಳಿ ಬಿಟ್ಟದ. 2017ರಾಗ ಎರಡು ಕಡೀಲಿಂದ ಉತ್ತರ ಬಂತು. ಆರ್‌ಸಿ11 ಅನ್ನೋದು ಓದಿದ್ ಮ್ಯಾಲ ಬರೋ ಸ್ಟೋರ್‌ನ ಮುಂದ ತರಬಾರ್ದು ಅಂತ ಕಟ್ಟಿಹಾಕ್ತದ, ಸರಳ ಅದ, ಆರ್ಮ್ ಮ್ಯಾಲ ರಿಲ್ಯಾಕ್ಸ್ಡ್‌ಗಿ ಸ್ವಲ್ಪ ಖರ್ಚು ಬೀಳ್ತದ. ಪ್ರಾಮಿಸಿಂಗ್ ಸೆಮ್ಯಾಂಟಿಕ್ಸ್ ಅನ್ನೋದು ಥ್ರೆಡ್‌ಗಿ ಮುಂದ ಬರಿಯೋ ಸ್ಟೋರ್ ಬಗ್ಗಿ ಮೊದ್ಲೇ ವಚನ ಕೊಡ್ಲಿಕ್ಕ ಬಿಡ್ತದ, ಆ ವಚನ ತಾನೊಬ್ಬನೇ ಪೂರೈಸ್ತೀನಿ ಅಂತ ತೋರಿಸ್ಬೇಕು; ಹಾರ್ಡ್‌ವೇರ್‌ಗಿ ಭಾರ ಇಲ್ಲ, ಆದ್ರ ಕಲಿಯೋರಿಗಿ ಕಠಿಣ. ನಂಗ ಮನಸಿಗಿ ಹತ್ರ ಆಗೋದು ಮೊದಲನೇದು, ಯಾಕಂದ್ರ ಸಣ್ಣ ಖರ್ಚು ಕೊಟ್ಟು ತಿಳಿಯಂಥ ನಿಯಮ ಸಿಗೋದಿದ್ರ ಅದು ಲಾಭದ ವ್ಯಾಪಾರನೇ.

ಕನ್ಸ್ಯೂಮ್ ಅಂತ ಒಂದಿತ್ತು, ಪಾಯಿಂಟರ್ ಹಿಡಿದು ಹೋಗುವಾಗ ಬ್ಯಾರಿಯರ್ ಉಳಿಸ್ಲಿಕ್ಕ. ಕಂಪೈಲರ್‌ಗಳು ಅದ್ನ ಸರಿಯಾಗಿ ಮಾಡ್ಲಿಕ್ಕಾಗ್ದೇ ಅಕ್ವೈರ್ ಅಂತೇ ತಿಳ್ಕೊಂಡವು, ಸಿ++17 ಅದ್ನ ಬಳಸಬ್ಯಾಡ್ರಿ ಅಂತು, ಸಿ++26ರಾಗ ಅಧಿಕೃತವಾಗಿ ಡೆಪ್ರಿಕೇಟ್ ಆಗ್ಯದ, ಅಂದ್ರ ಇನ್ನೂ ತಗದಿಲ್ಲ, ಆದ್ರ ಬಿಡ್ರಿ ಅಂತ ಬರ್ದಾರ. ಹೊಸ ಕೋಡ್‌ನ್ಯಾಗ ಅದರ ಹೆಸ್ರೂ ಎತ್ತಬ್ಯಾಡ್ರಿ.

ಈಗ ಭಾಷೆ ಆರಿಸೋದು

ಸಿ++: ಡೇಟಾ ರೇಸ್ ಆದ್ರ ಅನ್‌ಡಿಫೈನ್ಡ್ ಬಿಹೇವಿಯರ್, ಅಂದ್ರ ಪ್ರೋಗ್ರಾಮಿನ ಯಾವ ಭಾಗಕ್ಕೂ ಗ್ಯಾರಂಟಿ ಉಳೀದಂಗ ಆಗ್ತದ. ಮೊದಲನೇ ಅಳತಿಯಾಗ ಇದು ಎಲ್ಲಾಕ್ಕಿಂತ ಕೆಳಗ. ಆದ್ರ ಟೂಲ್ ಒಳ್ಳೇವು ಅವ. ಥ್ರೆಡ್ ಸ್ಯಾನಿಟೈಸರ್ ಹಾಕಿ ಓಡ್ಸಿದ್ರ ರೇಸ್ ಆದ ಎರಡೂ ಲೈನ್ ತೋರಿಸ್ತದ, ಬದಲಿಗಿ ಪ್ರೋಗ್ರಾಮ್ 5 ರಿಂದ 15 ಪಟ್ಟು ನಿಧಾನ, ಮೆಮೊರಿ 5 ರಿಂದ 10 ಪಟ್ಟು ಜಾಸ್ತಿ. 4 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್ ಇದ್ದವ್ರು ಟೆಸ್ಟ್ ಡೇಟಾ ಸಣ್ಣದಿಟ್ಟು ಓಡಿಸ್ರಿ. ಗೇಮ್ ಇಂಜಿನ್, ಟ್ರೇಡಿಂಗ್, ಡೇಟಾಬೇಸ್ ಕಡಿ ಹೋಗೋರಿಗಿ ಸಿ++ ಬಿಟ್ಟು ನಡಿಯಂಗಿಲ್ಲ. ಸಿ++26ರಾಗ ಹಜಾರ್ಡ್ ಪಾಯಿಂಟರ್, ಆರ್‌ಸಿಯು ಎರಡೂ ಸ್ಟ್ಯಾಂಡರ್ಡ್ ಲೈಬ್ರರಿಗಿ ಸೇರ್ಯಾವ. ಲಾಕ್ ಇಲ್ದ ಡೇಟಾ ಸ್ಟ್ರಕ್ಚರ್‌ನ್ಯಾಗ ಮೆಮೊರಿ ಯಾವಾಗ ಬಿಡಬೇಕು ಅನ್ನೋದು ಎಲ್ಲಾಕ್ಕಿಂತ ಬಿಗಿ ಪ್ರಶ್ನೆ, ಅದ್ನ ಇನ್ನ ಎಲ್ಲಾರೂ ಕೈಲಿಂದ ಬರಿಯೋದು ತಪ್ಪತದ.

ರಸ್ಟ್: ಅಟಾಮಿಕ್‌ಗಿ ಸಿ++20ರ ಮಾಡೆಲೇ ತಗೊಂಡದ, ಅಂದ್ರ ರಿಲ್ಯಾಕ್ಸ್ಡ್‌ನ ತಕರಾರೂ ಜೋಡಿಗೇ ಬಂದಾವ. ವ್ಯತ್ಯಾಸ ಎಲ್ಲದಂದ್ರ, ಸೇಫ್ ರಸ್ಟ್‌ನ್ಯಾಗ ಡೇಟಾ ರೇಸ್ ಇರೋ ಕೋಡ್ ಕಂಪೈಲೇ ಆಗಂಗಿಲ್ಲ. ಸೆಂಡ್, ಸಿಂಕ್ ಅನ್ನೋ ಎರಡು ಟ್ರೇಟ್ (ಟೈಪಿಗಿ ಹಚ್ಚೋ ಗುಣದ ಗುರುತು) ಮ್ಯಾಲ ಆ ಪೂರಾ ಕಟ್ಟಡ ನಿಂತದ. ಇನ್ನೊಂದ್ ಒಳ್ಳೇದು, ಅಟಾಮಿಕ್ ಬಳಸುವಾಗ ಆರ್ಡರಿಂಗ್ ಬರೀಲೇಬೇಕು, ಡೀಫಾಲ್ಟ್ ಇಲ್ಲ, ಕೋಡ್ ಓದೋರಿಗಿ ಕಾಣ್ತದ. ಆದ್ರ ಕಂಪೈಲರ್ ನೀವು ಬರ್ದ ಆರ್ಡರಿಂಗ್ ಸರಿ ಅದೇನು ಅಂತ ನೋಡಂಗಿಲ್ಲ, ಎರಡು ಅಟಾಮಿಕ್ ನಡುವಿನ ಲಾಜಿಕ್ ತಪ್ಪು ಸೇಫ್ ಕೋಡ್‌ನ್ಯಾಗೂ ಆಗ್ತದ. ಅಂಥ ತಪ್ಪು ಹಿಡೀಲಿಕ್ಕ ಮಿರಿ, ಲೂಮ್ ಅನ್ನೋ ಟೂಲ್ ಅವ. ಮಿರಿ ಹಳೇ ವ್ಯಾಲ್ಯೂ ಬೇಕಂತೇ ಕೊಟ್ಟು ನೋಡ್ತದ, ಇಂಟೆಲ್ ಮಷೀನ್ ಮ್ಯಾಲ ಕುಂತೇ ವೀಕ್ ಮೆಮೊರಿ ಬಗ್ ಕೆಲವು ಹೊರಗ ಬರ್ತಾವ. ಕಲೀಲಿಕ್ಕ ಟೈಮ್ ಹಿಡೀತದ, ತಿಂಗಳಾನುಗಟ್ಟಲೆ ಬೇಕು. ಆ ಟೈಮ್ ಇದ್ದವ್ರಿಗಿ ನಾ ಇದನ್ನೇ ಹೇಳೋದು.

ಜಾವಾ: ಮೊದಲನೇ ಮಾಡೆಲ್ ಕೆಟ್ಟಿತ್ತು, 2004ರಾಗ ಜಾವಾ 5 ಜೋಡಿ ಜೆಎಸ್‌ಆರ್-133 ಅನ್ನೋ ಹೊಸ ನಿಯಮ ಬಂದು ಅದ್ನ ಮತ್ತ ಬರೀತು. ಡಬಲ್ ಚೆಕ್ಡ್ ಲಾಕಿಂಗ್ (ಲಾಕ್ ಹಿಡಿಯೋಕಿಂತ ಮೊದ್ಲೂ ಹಿಡಿದ ಮ್ಯಾಲೂ ನೋಡೋ ಪದ್ಧತಿ) ವೋಲಟೈಲ್ ಹಾಕಿ ಸರಿಯಾಗಿ ಬರೀಲಿಕ್ಕ ಬಂದದ್ದು ಅವಾಗಿಂದ. ರೇಸ್ ಆದ್ರೂ ಜಾವಾ ಕೈಬಿಡಂಗಿಲ್ಲ, ಹಳೇ ವ್ಯಾಲ್ಯೂ ಸಿಗಬಹುದು, ಸಾದಾ ಲಾಂಗ್ ಮತ್ತ ಡಬಲ್ ಅರ್ಧ ಅರ್ಧ ಹರದು ಬರ್ಬಹುದು, ಆದ್ರ ಮೆಮೊರಿ ಹಾಳಾಗಂಗಿಲ್ಲ. ಆ ಗ್ಯಾರಂಟಿ ಬರ್ದಿರೋ ಗಣಿತದಾಗ ತೂತು ಅದ ಅಂತ 2008ರಾಗೇ ಶೆವ್ಚಿಕ್ ಮತ್ತ ಆಸ್ಪಿನಾಲ್ ತೋರಿಸ್ಯಾರ, ಕಂಪೈಲರ್ ದಿನಾ ಮಾಡೋ ಕೆಲವು ಆಪ್ಟಿಮೈಸೇಶನ್ ಆ ನಿಯಮಕ್ಕ ಹೊಂದಂಗಿಲ್ಲ. ದಿನದ ಕೆಲಸಕ್ಕ ಅದು ಅಡ್ಡ ಬರಂಗಿಲ್ಲ. 2017ರ ಜಾವಾ 9ರಿಂದ ವಾರ್‌ಹ್ಯಾಂಡಲ್ ಬಂದು ಪ್ಲೇನ್, ಓಪೇಕ್, ಅಕ್ವೈರ್-ರಿಲೀಸ್, ವೋಲಟೈಲ್ ಅಂತ ಮೆಟ್ಟಿಲು ಸಿಕ್ಕದ, ಲೈಬ್ರರಿ ಬರಿಯೋರಿಗಿ ಅಷ್ಟೇ ಅದು. ಟೆಸ್ಟಿಗಿ ಜೆಸಿಸ್ಟ್ರೆಸ್ ಅದ, ಫ್ರೀ.

ಗೋ: 2022ರಾಗ, ಗೋ 1.19 ಜೋಡಿ, ಮೆಮೊರಿ ಮಾಡೆಲ್ ಮತ್ತ ಬರದ್ರು. ಅಟಾಮಿಕ್ ಎಲ್ಲಾ ಸೀಕ್ವೆನ್ಷಿಯಲ್, ರಿಲ್ಯಾಕ್ಸ್ಡ್ ಕೊಡಂಗಿಲ್ಲ ಅಂತ ಖಡಾಖಂಡಿತ. ರೇಸ್ ಆದ್ರ ಒಂದು ಮಷೀನ್ ವರ್ಡ್ ಅಳತಿಯ ವೇರಿಯೇಬಲ್‌ನ್ಯಾಗ ಯಾರೋ ಖರೇ ಬರ್ದ ವ್ಯಾಲ್ಯೂನೇ ಕಾಣ್ತದ, ಗಾಳಿಲಿಂದ ಬರಂಗಿಲ್ಲ. ಆದ್ರ ಸ್ಲೈಸ್, ಸ್ಟ್ರಿಂಗ್, ಇಂಟರ್‌ಫೇಸ್ ಇವು ಒಂದಕ್ಕಿಂತ ಹೆಚ್ಚು ವರ್ಡ್, ಅವುಗಳ ಮ್ಯಾಲ ರೇಸ್ ಆದ್ರ ಅರ್ಧ ಹೊಸದು ಅರ್ಧ ಹಳೇದು ಸೇರಿ ಮೆಮೊರಿ ಹಾಳಾಗ್ತದ. ಇದ್ನ ಭಾಳ ಮಂದಿ ಮರೀತಾರ. ರೇಸ್ ಡಿಟೆಕ್ಟರ್ ಒಂದು ಫ್ಲ್ಯಾಗ್ ಹಾಕಿದ್ರ ಸಿಗ್ತದ, ಗೋ 1.1 ಕಾಲದಿಂದ ಅದ, ಟೆಸ್ಟ್ ಓಡಿಸುವಾಗ ತಪ್ಪದೇ ಹಾಕ್ರಿ. ಸರ್ವರ್ ಬರಿಯೋರಿಗಿ, ಮುಖ್ಯವಾಗಿ ಜನ ಬದಲಾಗ್ತಿರೋ ಟೀಮಿಗಿ, ಎರಡನೇ ಅಳತಿಯಾಗ ಗೋನೇ ಮ್ಯಾಲ.

ಓಕ್ಯಾಮಲ್ 5, 2022ರ ಡಿಸೆಂಬರ್‌ದು. ಕೆಲಸ ಹುಡುಕೋರಿಗಿ ನಮ್ ಕಡಿ ಇದು ಉಪಯೋಗ ಕಡಿಮಿ, ಆದ್ರ ಭವಿಷ್ಯ ಎಲ್ಲಿಗಿ ಹೊಂಟದ ಅಂತ ನೋಡ್ಬೇಕಾದ್ರ ಇದರ ಮಾಡೆಲ್ ಓದ್ರಿ. ಒಂದು ಜಾಗದ ಮ್ಯಾಲ ರೇಸ್ ಆದ್ರ ಅದರ ಪರಿಣಾಮ ಆ ಜಾಗಕ್ಕ, ಆ ಹೊತ್ತಿಗಿ ಮಾತ್ರ ಸೀಮಿತ, ರೇಸ್ ಇಲ್ದ ಬಾಕಿ ಕೋಡ್‌ನ ನೀವು ಸೀಕ್ವೆನ್ಷಿಯಲ್ ಅಂತೇ ತಿಳ್ಕೊಂಡು ಓದ್ಬಹುದು. ಸಿ++‌ಗೂ ಜಾವಾಕ್ಕೂ ಈ ಮಾತು ಕೊಡ್ಲಿಕ್ಕಾಗಿಲ್ಲ. ಇಂಟೆಲ್ ಮ್ಯಾಲ ಹೆಚ್ಚಿನ ಖರ್ಚಿಲ್ದೇ, ಆರ್ಮ್ ಮ್ಯಾಲ ಸಣ್ಣ ಖರ್ಚಿನಾಗ ಇದು ಆಗ್ತದ ಅಂತ ತೋರಿಸಿದ್ದು ದೊಡ್ಡ ಸಾಧನಿ, ಅದಕ್ಕ ಸಿಗಬೇಕಾದಷ್ಟು ಮಾನ ಇನ್ನೂ ಸಿಕ್ಕಿಲ್ಲ ಅನಸ್ತದ ನಂಗ.

ಪೈಥಾನ್ ಬಗ್ಗಿನೂ ಎರಡು ಮಾತು. 2024ರ ಅಕ್ಟೋಬರ್‌ನ 3.13ರಿಂದ ಜಿಐಎಲ್ (ಒಮ್ಮಿಗಿ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸ್ಲಿಕ್ಕ ಬಿಡೋ ಲಾಕ್) ಇಲ್ದ ಬಿಲ್ಡ್ ಸಿಗ್ಲತ್ತದ. ಇಷ್ಟು ದಿನ ಜಿಐಎಲ್ ಮುಚ್ಚಿಟ್ಟ ರೇಸ್‌ಗಳು ಆ ಬಿಲ್ಡ್‌ನ್ಯಾಗ ಮ್ಯಾಲ ಬರ್ತಾವ, ಮುಖ್ಯವಾಗಿ ಸಿ ಎಕ್ಸ್‌ಟೆನ್ಶನ್ ಬರಿಯೋರು ಈ ಪೂರಾ ವಿಷಯ ಓದ್ಕೋಬೇಕು.

ಹಾರ್ಡ್‌ವೇರ್ ಎತ್ತ ಹೊಂಟದ

ಒಂದ್ ಕಾಲಕ್ಕ ಡೆಕ್ ಆಲ್ಫಾ ಅಂತ ಪ್ರೊಸೆಸರ್ ಇತ್ತು, ಹೊಸ ಪಾಯಿಂಟರ್ ಓದಿ ಅದು ತೋರ್ಸೋ ಜಾಗಕ್ಕ ಹೋದ್ರ ಅಲ್ಲಿ ಹಳೇ ಡೇಟಾ ಸಿಗೋ ಅಷ್ಟು ಸಡಿಲ. ಅದರ ನಂತರ ಆ ಮಟ್ಟಕ್ಕ ಯಾರೂ ಇಳೀಲಿಲ್ಲ. ಆರ್ಮ್ 2017ರಾಗ ತನ್ನ 64 ಬಿಟ್ ಮಾಡೆಲ್‌ನ ಬಿಗಿ ಮಾಡ್ತು: ಒಂದು ಕೋರ್ ಬರ್ದಿದ್ದು ಬೇರೆ ಒಂದು ಕೋರಿಗಿ ಕಂಡದ ಅಂದ್ರ ಎಲ್ಲಾ ಕೋರಿಗೂ ಕಾಣ್ತದ. ರಿಸ್ಕ್-ಫೈವ್ ಮೂಲದಾಗ ವೀಕ್ ಮಾಡೆಲೇ, ಆದ್ರ ಬೇಕಾದವ್ರಿಗಿ ಝಡ್‌ಟಿಎಸ್‌ಓ ಅನ್ನೋ ಎಕ್ಸ್‌ಟೆನ್ಶನ್ ಇಟ್ಟದ. ಆಪಲ್ 2020ರಾಗ ಎಂ1 ತಂದಾಗ ಹಳೇ ಇಂಟೆಲ್ ಪ್ರೋಗ್ರಾಮ್ ಓಡಿಸೋ ಸಲುವಾಗಿ ಚಿಪ್ ಒಳಗೇ ಟಿಎಸ್‌ಓ ಮೋಡ್ ಇಡ್ತು. ಇವೆಲ್ಲಾ ನೋಡಿದ್ರ ಸಿಪಿಯು ಕಡಿ ಸಡಿಲತನ ಕಡಿಮಿ ಆಗೋ ದಿಕ್ಕಿನಾಗೇ ಅದ, ಮಾಯ ಮಾತ್ರ ಆಗಂಗಿಲ್ಲ.

ಜಿಪಿಯು ಕಡಿ ಉಲ್ಟಾ. ಅಲ್ಲಿ ಸ್ಕೋಪ್ ಅಂತ ಇನ್ನೊಂದು ಅಳತಿ ಸೇರ್ಕೊಂಡದ, ಈ ಬ್ಯಾರಿಯರ್ ಒಂದ್ ಬ್ಲಾಕ್ ಒಳಗಿನ ಥ್ರೆಡ್‌ಗಷ್ಟೇನಾ, ಇಡೀ ಜಿಪಿಯುಗಾ, ಸಿಪಿಯು ಸೇರಿ ಇಡೀ ಸಿಸ್ಟಮ್‌ಗಾ ಅಂತ ಹೇಳ್ಬೇಕು. ಎಐ ಕೆಲಸಕ್ಕ ಜಿಪಿಯು ಕರ್ನಲ್ (ಜಿಪಿಯು ಮ್ಯಾಲ ಓಡೋ ಸಣ್ಣ ಪ್ರೋಗ್ರಾಮ್) ಬರಿಯೋರಿಗಿ ವೀಕ್ ಮೆಮೊರಿ ಜ್ಞಾನ ಇನ್ನ ಮುಂದ ಜಾಸ್ತಿನೇ ಬೇಕಾಗ್ತದ.

ಲಿನಕ್ಸ್ ಕರ್ನಲ್‌ಗಿ ಬೇರೇನೇ ಮಾಡೆಲ್ ಅದ, 2018ರಾಗ ಕರ್ನಲ್ ಸೋರ್ಸ್ ಒಳಗೇ ಸೇರಿಸಿದ್ರು, ಹರ್ಡ್ ಅನ್ನೋ ಮೆಮೊರಿ ಮಾಡೆಲ್ ಪರೀಕ್ಷೆಯ ಟೂಲ್ ಹಾಕಿ ಅದ್ನ ಓಡಿಸಿನೂ ನೋಡ್ಬಹುದು. ಕರ್ನಲ್ ಒಳಗಿನ ರಸ್ಟ್ ಕೋಡೂ ಇದೇ ಮಾಡೆಲ್ ಹಿಡಿದು ನಡೀಬೇಕು. ಡ್ರೈವರ್ ಬರಿಯೋ ಆಸೆ ಇದ್ದವ್ರು ಸಿ++ ಮಾಡೆಲ್ ಕಲ್ತು ಅಲ್ಲಿಗಿ ಹೋದ್ರ ಗಲಿಬಿಲಿ ಆಗ್ತದ, ನೇರ ಇದನ್ನೇ ಓದ್ರಿ.

ಯಾರಿಗಿ ಯಾವ್ದು

ಫೈನಲ್ ಇಯರ್ ಇದ್ದು ಮುಂದಿನ ಕೆಲವೇ ತಿಂಗಳಾಗ ಕೆಲಸ ಬೇಕು ಅಂದ್ರ ಜಾವಾ ಹಿಡೀರಿ, ಲಾಕ್, ವೋಲಟೈಲ್, ಹ್ಯಾಪನ್ಸ್-ಬಿಫೋರ್ (ಯಾವ್ದು ಯಾವುದಕ್ಕಿಂತ ಮೊದ್ಲು ನಡದಂಗ ಕಾಣ್ಬೇಕು ಅನ್ನೋ ಸಂಬಂಧ) ಈ ಮೂರು ಗಟ್ಟಿ ಮಾಡ್ಕೋರಿ, ಇಂಟರ್‌ವ್ಯೂದಾಗ ಅಷ್ಟು ಸ್ಪಷ್ಟ ಹೇಳೋರು ಕಡಿಮಿ. ಗೋ ಕಲಿಯೋದೂ ಅದರ ಜೋಡಿ ಆಗ್ತದ.

ಮನ್ಯಾಗ ಕುಂತು ಆರ್ಮ್ ಸರ್ವರ್‌ಗಿ ಕೋಡ್ ಒಯ್ಯಲತ್ತಿದವ್ರಿಗಿ: ಜಾವಾ ಅಥವಾ ಗೋ ಇದ್ದು ರೇಸ್ ಇಲ್ಲಾ ಅಂದ್ರ ಮೆಮೊರಿ ಮಾಡೆಲ್ ಸಂಬಂಧ ಚಿಂತಿ ಬ್ಯಾಡ. ಸಿ++ ಇದ್ರ ವೋಲಟೈಲ್ ಅನ್ನೋ ಪದ ಮತ್ತ ಸ್ವಂತ ಬರ್ದ ಸ್ಪಿನ್‌ಲಾಕ್ ಎಲ್ಲೆಲ್ಲಿ ಅವ ಅಂತ ಮೊದ್ಲು ಹುಡುಕ್ರಿ, ಇಂಟೆಲ್ ಮ್ಯಾಲ ವರ್ಷಾನುಗಟ್ಟಲೆ ಬಾಯಿ ಮುಚ್ಕೊಂಡಿದ್ದ ತಪ್ಪು ಸಿಗೋದು ಅಲ್ಲೇ. ಸ್ಯಾನಿಟೈಸರ್ ಇಂಟೆಲ್ ಮ್ಯಾಲೇ ಓಡಿಸಿ ಆಮ್ಯಾಲ ಹೋಗ್ರಿ, ಅನುಮಾನ ಬಂದ ಜಾಗಕ್ಕ ಸೀಕ್ವೆನ್ಷಿಯಲ್ ಹಾಕಿ ಮುಂದ ನಡೀರಿ.

ಪಿಎಚ್‌ಡಿ ಅಥವಾ ರಿಸರ್ಚ್ ಆಸೆ ಇದ್ದವ್ರಿಗಿ ಇದು ಖರ್ಚಿಲ್ದ ಕ್ಷೇತ್ರ. ದೊಡ್ಡ ಲ್ಯಾಬ್ ಬ್ಯಾಡ, ಹರ್ಡ್ ಫ್ರೀ, ಪೇಪರ್‌ಗಳು ಭಾಳಷ್ಟು ಫ್ರೀಯಾಗಿ ಓದ್ಲಿಕ್ಕ ಸಿಗ್ತಾವ, ಗಾಳಿಲಿಂದ ವ್ಯಾಲ್ಯೂ ಬರೋ ಪ್ರಶ್ನೆಗಿ ಎಲ್ಲಾರೂ ಒಪ್ಪೋ ಉತ್ತರ ಇನ್ನೂ ಬಾಕಿ ಅದ. ಕಲಬುರಗಿಯಾಗ ಕುಂತೇ ಇದ್ರ ಮ್ಯಾಲ ಕೆಲಸ ಮಾಡ್ಬಹುದು.

ಕೈಯಾಗ ದುಡ್ಡಿಲ್ಲ, ಆದ್ರ ವೀಕ್ ಮೆಮೊರಿ ಕಣ್ಣಾರೆ ನೋಡ್ಬೇಕು ಅನ್ನೋರಿಗಿ ಹೊಸ ಮಷೀನ್ ಬ್ಯಾಡ, ನಿಮ್ ಆಂಡ್ರಾಯ್ಡ್ ಫೋನ್ ಬಹುತೇಕ ಆರ್ಮ್ ಇರ್ತದ. ಟರ್ಮಕ್ಸ್ (ಫೋನಿನಾಗ ಲಿನಕ್ಸ್ ಕಮಾಂಡ್ ಓಡಿಸೋ ಆ್ಯಪ್) ಹಾಕಿ, ಅದರಾಗ ಕ್ಲ್ಯಾಂಗ್ ಕಂಪೈಲರ್ ಹಾಕಿ, ಡೇಟಾ ಮತ್ತ ಫ್ಲ್ಯಾಗ್ ಎರಡೂ ರಿಲ್ಯಾಕ್ಸ್ಡ್ ಇಟ್ಟು, ಎರಡನ್ನೂ ಬೇರೆ ಬೇರೆ ಕ್ಯಾಶ್ ಲೈನ್‌ನ್ಯಾಗ ಇಟ್ಟು, ಲಕ್ಷಾಂತರ ಸಲ ತಿರುಗಿಸ್ರಿ. ಸಿಗಲಿಲ್ಲಾ ಅಂದ್ರ ಥ್ರೆಡ್‌ಗಳು ಫೋನಿನ ಸಣ್ಣ ಕೋರ್ ಮ್ಯಾಲ ಬಿದ್ದಿರ್ಬಹುದು, ಕಾರ್ಟೆಕ್ಸ್ ಎ53, ಎ55 ಅಂಥಾವು ಇನ್-ಆರ್ಡರ್ ಕೋರ್ (ಇನ್‌ಸ್ಟ್ರಕ್ಷನ್ನು ಬರ್ದ ಕ್ರಮದಾಗೇ ನಡಸೋವು), ಅವುಗಳಾಗ ಈ ಆಟ ಕಾಣೋದು ಕಡಿಮಿ, ದೊಡ್ಡ ಕೋರಿಗಿ ಕಟ್ಟಿ ಓಡಿಸ್ರಿ. ರಾಸ್ಪ್‌ಬೆರಿ ಪೈ ತಗೊಳ್ಳೋರೂ ಇದೇ ಕಾರಣಕ್ಕ ಪೈ 3 ಬಿಟ್ಟು ಪೈ 4 ಅಥವಾ ಪೈ 5 ತಗೋರಿ, ಪೈ 3ರಾಗ ಇರೋದು ಎ53, ಪೈ 4ರಾಗ ಎ72, ಪೈ 5ರಾಗ ಎ76. ಫ್ಲ್ಯಾಗ್ ಎದ್ದು ಡೇಟಾ ಹಳೇದೇ ಬಂದ ಸಾಲು ಒಂದು ಸಿಕ್ಕಿತಂದ್ರ ಅದೇ ಕೋಡ್‌ನ್ಯಾಗ ಫ್ಲ್ಯಾಗ್‌ನ ಸ್ಟೋರ್‌ಗಿ ರಿಲೀಸ್, ಫ್ಲ್ಯಾಗ್‌ನ ಲೋಡ್‌ಗಿ ಅಕ್ವೈರ್ ಹಾಕಿ ಮತ್ತ ಓಡಿಸ್ರಿ, ಆ ಸಾಲು ನಿಂತುಹೋಗ್ಬೇಕು. ಆಮ್ಯಾಲ ಅದನ್ನೇ ಹರ್ಡ್‌ಗಿ ಬರ್ದು ಕೊಡ್ರಿ. ಫೋನ್ ಕಂಡಷ್ಟೇ ತೋರಿಸ್ತದ, ಹರ್ಡ್ ಮಾಡೆಲ್ ಒಪ್ಪೋ ಎಲ್ಲಾ ಫಲಿತಾಂಶನೂ ಎಣಿಸಿ ತೋರಿಸ್ತದ, ಅದಕ್ಕ ಒಂದು ಆರ್ಡರಿಂಗ್ ಸಾಕು ಅಂತ ಹೇಳ್ಬೇಕಾದ್ರ ಹರ್ಡ್‌ನ ಉತ್ತರ ಹಿಡೀರಿ.